ಸಿದ್ರಾಮಪ್ಪನವರು ಉಣ್ಣದ ನಾಲ್ಕು ಊಟ

ನಾನು ಹೋಟೆಲಿನವನು. ಪಿಂಪ್ರಿ ಸ್ಟೇಶನ್ನಿನ ಹೊರಗೆ ನನ್ನದೊಂದು ಚಿಕ್ಕ ಉಡುಪಿ ಹೋಟೆಲು ಇದೆ. ನನ್ನ ಹೆಸರು ತನಿಯಪ್ಪ ಪೂಜಾರಿ. ಆದರೆ ಪುಣೆಯಲ್ಲಿ ದೋಸೆ ಹುಯ್ಯುವವರೆಲ್ಲ ಶೆಟ್ಟಿಗಳೇ, ಹಾಗಾಗಿ ನಾನೂ ಶೆಟ್ಟಿ. ತಿದ್ದಿ ತಿದ್ದಿ ಸಾಕಾಗಿ ಬಿಟ್ಟುಬಿಟ್ಟಿದ್ದೇನೆ. ಹೋಟೆಲಿನವನಿಗೆ ಜನರ ಮುಖಕ್ಕಿಂತ ಅವರ ತಟ್ಟೆ ಹೆಚ್ಚು ನೆನಪಿರುತ್ತದೆ. ಯಾರು ಚಟ್ನಿ ಮುಟ್ಟುವುದಿಲ್ಲ, ಯಾರು ಸಾಂಬಾರು ಮೂರು ಸಲ ಹಾಕಿಸಿಕೊಳ್ಳುತ್ತಾರೆ, ಯಾರು ಹೆಂಡತಿಯ ಜತೆ ಜಗಳವಾಡಿ ಬಂದು ಅರ್ಧಕ್ಕೇ ಕೈ ತೊಳೆಯುತ್ತಾರೆ, ಇದೆಲ್ಲ ನನಗೆ ಗಲ್ಲೆಯಿಂದಲೇ ಕಾಣುತ್ತದೆ. ಸಿದ್ರಾಮಪ್ಪನವರನ್ನು ನಾನು ಗುರುತು ಹಿಡಿದದ್ದೂ ಅವರು ಮುಟ್ಟದೆ ಬಿಟ್ಟ ತಟ್ಟೆಯಿಂದಲೇ.

1992ರ ಮಾತು. ಮೊದಲ ಪಾಳಿಯ ಜನ ಲೋಕಲ್ ಟ್ರೇನಿನಿಂದ ಇಳಿದು ಇಡ್ಲಿಗೆ ಮುಗಿಬೀಳುವ ಹೊತ್ತು. ಬಿಳಿ ಅಂಗಿ, ಹಣೆಯ ಮೇಲೆ ಮೂರು ಗೆರೆ ವಿಭೂತಿ, ಕೈಯಲ್ಲಿ ಟಿಫಿನ್ ಚೀಲ ಹಿಡಿದ ಒಬ್ಬರು ಇಡ್ಲಿ ತರಿಸಿಕೊಂಡು ಸುಮ್ಮನೆ ನೋಡುತ್ತ ಕುಳಿತಿದ್ದರು. ಇಡ್ಲಿ ಆರಿತು. ನನಗೆ ಸಿಟ್ಟು. ಹೋಗಿ, "ಎಂತ ಮಾರಾಯ್ರೆ, ಇಡ್ಲಿ ಸರಿ ಇಲ್ಲವಾ?" ಎಂದೆ. ಅವರು ಎದ್ದು ನಿಂತು ಮೆಲ್ಲಗೆ, "ಇಡ್ಲಿ ಭಾಳ ಛಲೋ ಅದರಿ ಶೆಟ್ರ. ನಂದ ಪೂಜಾ ಆಗಿಲ್ಲ. ಒಂದ ಹತ್ತು ಮಿನಿಟು ಕೂಡಾಕ ಎಲ್ಲೆರ ಜಾಗಾ ಸಿಗತದೇನ್ರಿ?" ಎಂದರು.

ಅಕ್ಕಿ ಮೂಟೆ ಇಡುವ ಕೋಣೆ ತೋರಿಸಿದೆ. ಬಾಗಿಲ ಸಂದಿಯಿಂದ ಇಣುಕಿದ್ದೂ ನಿಜ. ಅವರು ಕೊರಳಿನಿಂದ ಒಂದು ಬೆಳ್ಳಿಯ ಕರಡಿಗೆ ತೆಗೆದರು. ಮೊಟ್ಟೆಯಾಕಾರದ ಪುಟ್ಟ ಡಬ್ಬಿ. ಅದರೊಳಗಿಂದ ನುಣುಪಾದ ಕರಿಯ ಲಿಂಗವೊಂದನ್ನು ತೆಗೆದು ಎಡಗೈ ಅಂಗೈಯಲ್ಲಿಟ್ಟುಕೊಂಡು, ರೆಪ್ಪೆ ಬಡಿಯದೆ ಅದನ್ನೇ ನೋಡುತ್ತ ಕುಳಿತರು. ನಾವು ಕರಾವಳಿಯವರು, ನಮ್ಮ ದೇವರು ಗುಡಿಯಲ್ಲಿ, ಭೂತ ಸ್ಥಾನದಲ್ಲಿ. ದೇವರನ್ನು ಎದೆಯ ಮೇಲೆ ಹೊತ್ತುಕೊಂಡು ಲೋಕಲ್ ಟ್ರೇನ್ ಹತ್ತುವವರನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಅವರೇ ತಿಳಿಸಿ ಹೇಳಿದರು. ಗುರು ಕಟ್ಟಿದ ಲಿಂಗ, ಸಾಯುವತನಕ ಮೈಮೇಲೆ ಇರಬೇಕು. ಅದಕ್ಕೆ ತೋರಿಸದೆ ಒಂದು ತುತ್ತೂ ಬಾಯಿಗೆ ಇಡುವಂತಿಲ್ಲ. ಮೊದಲ ಪಾಳಿಯ ವಾರ ಮನೆಯಲ್ಲಿ ಪೂಜೆಗೆ ಹೊತ್ತು ಸಾಲುವುದಿಲ್ಲ. ಆವತ್ತಿನಿಂದ ಹದಿನಾಲ್ಕು ವರ್ಷ, ಅವರು ನಿವೃತ್ತರಾಗುವವರೆಗೆ, ನನ್ನ ಅಕ್ಕಿ ಕೋಣೆ ಅವರ ಪೂಜೆಯ ಮನೆಯಾಯಿತು. ನನ್ನ ಹೆಂಡತಿ ಪಂಕಜಾಕ್ಷಿ ಅಲ್ಲೊಂದು ಮಣೆಯನ್ನೂ ತಂದಿಟ್ಟಳು.

ಅವರು ಇಂಡಿ ಕಡೆಯವರು. ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತರು. ಮನೆ ಖಡಕಿಯಲ್ಲಿ. ಜೋರಾಗಿ ಮಾತನಾಡಿದ್ದನ್ನು ಯಾರೂ ಕೇಳಿಲ್ಲ. ಆದರೆ ಒಂದು ಹುಚ್ಚು ಮಾತ್ರ ಇತ್ತು: ಬೆಂಕಿಬೆಟ್ಟ. ಈ ದಖ್ಖನದ ಕರಿಕಲ್ಲೆಲ್ಲ ಒಂದು ಕಾಲಕ್ಕೆ ಭೂಮಿಯ ಹೊಟ್ಟೆಯಿಂದ ಉಕ್ಕಿ ಬಂದ ಬೆಂಕಿಯಂತೆ. ಶಾಲೆಯಲ್ಲಿ ಮಾಸ್ತರರು ಹೇಳಿದ ಆ ಒಂದು ಮಾತು ಅವರ ತಲೆಯಿಂದ ಇಳಿದೇ ಇರಲಿಲ್ಲ. ಭಾನುವಾರ ನನ್ನನ್ನು ಪರ್ವತಿ ಗುಡ್ಡಕ್ಕೆ ಎಳೆದುಕೊಂಡು ಹೋಗುತ್ತಿದ್ದರು. ಜನ ಮೇಲೆ ಹೋಗಿ ದೇವರಿಗೆ ಕೈಮುಗಿದರೆ ಇವರು ದಾರಿಯ ಕಲ್ಲಿನ ಮೇಲೆ ಕೈಯಾಡಿಸುತ್ತ ನಿಲ್ಲುತ್ತಿದ್ದರು.

"ಶೆಟ್ರ, ಇದೆಲ್ಲಾ ನಿಮ್ಮ ಸಾಂಬಾರ ಕುದ್ದಂಗ ಕೊತಕೊತ ಕುದೀತಿತ್ತು ನೋಡ್ರಿ. ಈಗ ಆರಿ ತಣ್ಣಗ ಕುಂತದ. ಕುದಿಯೂದನ್ನ ಒಮ್ಮೆ ಕಣ್ಣಾರೆ ನೋಡಬೇಕ್ರಿ."

"ಕುದಿಯುವುದು ನೋಡಬೇಕಾದರೆ ನನ್ನ ಅಡಿಗೆಮನೆಗೆ ಬನ್ನಿ" ಎಂದು ನಾನು ತಮಾಷೆ ಮಾಡುತ್ತಿದ್ದೆ.

2006ರಲ್ಲಿ ನಿವೃತ್ತರಾದರು. ಜತೆಯವರೆಲ್ಲ ಕಾಶಿ, ಶ್ರೀಶೈಲ ಎಂದು ಹೊರಟರೆ ಇವರು ಪುಣೆಯ ಕ್ಯಾಂಪ್ ಪೇಟೆಯ ಒಂದು ಪ್ರವಾಸದ ಕಚೇರಿಗೆ ಹೋಗಿ ಬಾಲಿ ದ್ವೀಪದ ಕಾಗದ ಹಿಡಿದುಕೊಂಡು ಬಂದರು. ಅಲ್ಲಿ ಬಾತೂರ್ ಎಂಬ ಬೆಟ್ಟವಿದೆ. ಎಂದೋ ಒಂದು ದೊಡ್ಡ ಬೆಟ್ಟ ಸಿಡಿದು ಕುಸಿದು ಬಾಣಲೆಯಂತಾಗಿದೆ. ಆ ಬಾಣಲೆಯೊಳಗೆ ಒಂದು ಕಡೆ ಸರೋವರ, ನಡುವೆ ಈಗಲೂ ಹೊಗೆಯಾಡುವ ಇನ್ನೊಂದು ಬೆಟ್ಟ. ಇದನ್ನು ಅವರು ನನ್ನ ಗಲ್ಲೆಯ ಮುಂದೆ ನಿಂತು ಬೆರಳಲ್ಲಿ ಬರೆದು ತೋರಿಸಿದರು. ತಂಡದಲ್ಲಿ ಎಲ್ಲರೂ ಮರಾಠಿಯವರು, ಕನ್ನಡದ ಒಂದು ಬಾಯಿ ಜತೆಗಿರಲಿ ಎಂದು ನನಗೂ ಗಂಟುಬಿದ್ದರು. ಪಂಕಜಾಕ್ಷಿಯನ್ನು ಕೇಳಿದರೆ, "ನೀವು ಹೋಗಿ ಬನ್ನಿ, ಹೋಟೆಲು ನಾನು ನೋಡಿಕೊಳ್ಳುತ್ತೇನೆ, ಎಂಟು ದಿನ ನನಗೂ ಆರಾಮ" ಎಂದಳು. ಆ ಮಾತಿನಲ್ಲಿ ಪ್ರೀತಿ ಎಷ್ಟು, ಬಿಡುಗಡೆ ಎಷ್ಟು ಎಂದು ನಾನು ವಿಚಾರಿಸಲಿಲ್ಲ.

ಜತೆಗೆ ಹೊರಟಿದ್ದ ಸಿದ್ರಾಮಪ್ಪನವರ ಹೆಂಡತಿ ಚನ್ನಬಸವ್ವನವರದೇ ಚಿಂತೆ. ಅವರಿಗೆ ಸಕ್ಕರೆ ಕಾಯಿಲೆ. ಹಿಂದಿನ ವರ್ಷ ಶಿವರಾತ್ರಿಯ ಉಪವಾಸ ಮಾಡಿ, ಗುಳಿಗೆ ಮಾತ್ರ ನುಂಗಿ, ಮಧ್ಯಾಹ್ನ ಅಡಿಗೆಮನೆಯಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಒಯ್ದು ಎರಡು ದಿನ ಇಡಬೇಕಾಯಿತು. "ಇನ್ನು ಒಂದು ಹೊತ್ತೂ ಊಟ ತಪ್ಪಬಾರದು" ಎಂದು ಡಾಕ್ಟರು ಗಂಡನಿಗೆ ಬೈದು ಹೇಳಿದ್ದರು. ಅಂದಿನಿಂದ ಸಿದ್ರಾಮಪ್ಪನವರ ಅಂಗಿಯ ಕಿಸೆಯಲ್ಲಿ ಪೆನ್ನಿನ ಜತೆ ಎರಡು ಪೆಪ್ಪರಮಿಂಟು ಯಾವಾಗಲೂ ಇರುತ್ತಿದ್ದವು. ಆಕೆ ಊರಿಗೆಲ್ಲ ಗಟ್ಟಿ ಹೆಂಗಸು, ನೇಮದಲ್ಲಿ ಗಂಡನಿಗಿಂತ ಒಂದು ಕೈ ಹೆಚ್ಚು. ಗಂಡ ಉಣ್ಣದ ಹೊರತು ತಾನು ಉಣ್ಣುವವರಲ್ಲ.

2007ರ ಮೇ ತಿಂಗಳು. ಸ್ವಾರಗೇಟಿನಿಂದ ನಮ್ಮನ್ನೆಲ್ಲ ಬಸ್ಸಿನಲ್ಲಿ ತುಂಬಿಕೊಂಡು ಮುಂಬಯಿಯ ವಿಮಾನ ನಿಲ್ದಾಣಕ್ಕೆ ಒಯ್ದರು. ತಪಾಸಣೆಯಲ್ಲಿ ಕರಡಿಗೆ ತೆಗೆದು ತಟ್ಟೆಯಲ್ಲಿ ಇಡಲು ಹೇಳಿದಾಗ ಸಿದ್ರಾಮಪ್ಪನವರ ಮುಖ ಕಪ್ಪಿಟ್ಟಿತು. ಆ ತಟ್ಟೆ ಯಂತ್ರದೊಳಗೆ ಹೋಗಿ ಬರುವ ತನಕ ಅವರು ಉಸಿರು ಬಿಡಲಿಲ್ಲ. ಬಾಲಿ ಮುಟ್ಟಿ, ಎರಡು ದಿನ ಸಮುದ್ರ, ಗುಡಿ ಎಂದು ತಿರುಗಿ, ಸೋಮವಾರ ಮಧ್ಯಾಹ್ನ ಬಾತೂರಿನ ಸರೋವರದ ದಂಡೆಗೆ ಇಳಿದೆವು. ಅಲ್ಲಿ ಎರಡು ರಾತ್ರಿಯ ವಾಸ. ಮೇಲಿನ ತಿರುವಿನಿಂದ ಮೊದಲ ಸಲ ಬೆಟ್ಟ ಕಂಡಾಗ ಅವರು ಬಸ್ಸಿನ ಕಿಟಕಿಗೆ ಹಣೆ ಹಚ್ಚಿ ಕುಳಿತಿದ್ದರು. ಬೆಟ್ಟದ ಒಂದು ಮೈ ಪೂರ್ತಿ ಕಪ್ಪು. ಹಿಂದೆ ಹರಿದು ಬಂದ ಬೆಂಕಿ ಅಲ್ಲೇ ಹೆಪ್ಪುಗಟ್ಟಿ ನಿಂತಿದೆ. ಅವರ ಕಣ್ಣಲ್ಲಿ ನೀರಿತ್ತು. ಆ ಬೆಟ್ಟವನ್ನು ಅವರು ನೆಟ್ಟಗೆ ನೋಡಿದ್ದು ಅದೊಂದೇ ಸಲ.

ಸರೋವರದ ಪಕ್ಕದಲ್ಲೇ ನೆಲದಿಂದ ಬಿಸಿನೀರು ಬರುವ ಕೊಳಗಳಿವೆ, ಸಂಜೆಗೆ ಅಲ್ಲಿ ಸ್ನಾನ. ಇಲ್ಲಿಂದ ಮುಂದಿನದೆಲ್ಲ ನನ್ನ ಬಾಯಿಚಪಲದಿಂದ ಆದದ್ದು. ಸಿದ್ರಾಮಪ್ಪನವರು ಅಂಗಿ ತೆಗೆದು, ಎಂದಿನ ಹಾಗೆ ಕರಡಿಗೆ ಹಾಕಿಕೊಂಡೇ ನೀರಿಗೆ ಇಳಿಯಲು ಹೊರಟಿದ್ದರು. ನಾನು ದೊಡ್ಡ ಪಂಡಿತನ ಹಾಗೆ, "ಮಾರಾಯ್ರೆ, ಇದು ಗಂಧಕದ ನೀರು, ಬೆಳ್ಳಿ ಕಪ್ಪಾಗ್ತದೆ" ಎಂದೆ. ಅವರು ಅಳುಕಿದರು. ಬೆಳ್ಳಿಯ ಚಿಂತೆ ಅವರಿಗಿರಲಿಲ್ಲ, ಲಿಂಗದ ಮೇಲಿನ ಕರಿ ಲೇಪ ಬಿಸಿಗೆ ಕರಗೀತೆಂಬ ಭಯ. ಐದೇ ನಿಮಿಷ ಎಂದು ಕರಡಿಗೆಯನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಬೆಂಚಿನ ಮೇಲೆ ಟವೆಲಿನಡಿ ಇಟ್ಟರು. ಆ ಬೆಂಚಿನ ಇನ್ನೊಂದು ತುದಿಗೆ ಚನ್ನಬಸವ್ವನವರು ಎಲ್ಲರ ಚೀಲ ಕಾಯುತ್ತ ಕುಳಿತಿದ್ದರು, ಅವರು ನೀರಿಗೆ ಇಳಿಯುವುದಿಲ್ಲ ಎಂದಿದ್ದರು. ನಾವು ಇಳಿದು ಕೊರಳತನಕ ಕುಳಿತದ್ದೇ ತಡ, ಪ್ರವಾಸದ ಮೇಲ್ವಿಚಾರಕ ಸ್ವಪ್ನಿಲ್ ಮೇಲಿನಿಂದ ಕೈ ಬೀಸಿ, "ಚಲಾ ಚಲಾ, ಬಸ್ ಸುಟತೇಯ" ಎಂದು, ಬಸ್ಸು ಹೊರಟಿತೆಂದು, ಕೂಗತೊಡಗಿದ. ಸಿದ್ರಾಮಪ್ಪನವರಿಗೆ ಬಸ್ಸು ತಪ್ಪಿಸಿಕೊಳ್ಳುವ ಭಯ ಹುಟ್ಟಿನಿಂದ ಬಂದದ್ದು. ಟವೆಲು ಎಳೆದುಕೊಂಡು, ಅಂಗಿ ಸಿಕ್ಕಿಸಿಕೊಂಡು ಓಡಿದರು. ಹಿಂದೆ ನಾನು.

ವಸತಿಗೆ ಬಂದು ಅರ್ಧ ಗಂಟೆ ಕಳೆದಿರಲಿಲ್ಲ, ನನ್ನ ಕೋಣೆಯ ಬಾಗಿಲು ಬಡಿಯಿತು. ಸಿದ್ರಾಮಪ್ಪನವರು ಒಳಗೆ ಬಂದು ಬಾಗಿಲು ಹಾಕಿ ಅದಕ್ಕೇ ಬೆನ್ನು ಕೊಟ್ಟು ನಿಂತರು. ಕೈ ಎದೆಯ ಮೇಲೆ.

"ಶೆಟ್ರ, ಲಿಂಗ ಹೋತು."

"ಚನ್ನಬಸವ್ವಕ್ಕನ ಹತ್ತಿರ ಕೇಳಿದಿರಾ? ಅವರು ಅಲ್ಲೇ ಕೂತಿದ್ದರಲ್ಲ" ಎಂದೆ.

"ಅಕಿ ನೋಡಿದ್ರ ಸುಮ್ನ ಇರತಿದ್ಲೇನ್ರಿ? ಅಲ್ಲೇ ಚೀರತಿದ್ಲು. ಅಕಿ ನೋಡಿಲ್ಲ. ಅಕಿಗೆ ಹೇಳೂದೂ ಇಲ್ಲ. ಲಿಂಗ ಇಲ್ಲದ ನಾ ಊಟಾ ಮಾಡೂ ಹಂಗಿಲ್ಲ. ನಾ ಉಣ್ಣಲಿಲ್ಲಂದ್ರ ಅಕಿನೂ ಉಣ್ಣೂದಿಲ್ಲ. ಈ ಊರಾಗ ಅಕಿ ಬಿದ್ಲಂದ್ರ ನಾ ಎಲ್ಲಿಗೆ ಒಯ್ಯಲಿ?"

ಹಿಂದಿನ ಕಾಲದಲ್ಲಿ ಲಿಂಗ ತಪ್ಪಿದವರು ಪ್ರಾಣವನ್ನೇ ಬಿಡುತ್ತಿದ್ದರಂತೆ, ಅದನ್ನೂ ಹೇಳಿದರು. "ಬಿಡುವುದಾದರೆ ಪುಣೆಗೆ ಹೋಗಿ ಬಿಡಿ, ಇಲ್ಲಿ ಸ್ವಪ್ನಿಲನಿಗೆ ಕಾಗದಪತ್ರದ ತೊಂದರೆ" ಎಂದೆ. ನಗಿಸಬೇಕೆಂದು ಹೇಳಿದ್ದು. ಅವರು ನಗಲಿಲ್ಲ, ಅದು ನಗುವ ಮಾತೂ ಆಗಿರಲಿಲ್ಲ. ಊರಿಗೆ ಹೋದರೆ ಸ್ವಾಮಿಗಳಿಂದ ಬೇರೆ ಲಿಂಗ ಕಟ್ಟಿಸಿಕೊಳ್ಳಬಹುದು, ಆದರೆ ಊರಿಗೆ ಹೋಗಲು ಇನ್ನೂ ನಾಲ್ಕು ದಿನ ಇತ್ತು.

"ನೀರು?" ಎಂದೆ.

"ನೀರು ಕುಡೀತೀನಿ" ಎಂದರು.

ಆಮೇಲೆ ಅಂಗಳಕ್ಕೆ ಇಳಿದರು. ಅಲ್ಲಿ ದಾರಿಯ ಅಂಚಿಗೆಲ್ಲ ಬೆಟ್ಟದ ಕರಿಕಲ್ಲೇ ಹಾಸಿದ್ದರು. ಬಗ್ಗಿ ಬಗ್ಗಿ ಹುಡುಕಿ ಒಂದು ಗುಂಡನೆಯ ಕಲ್ಲು ಆರಿಸಿದರು. ಕರವಸ್ತ್ರದಲ್ಲಿ ಗಂಟು ಕಟ್ಟಿ ಕೊರಳಿಗೆ ಹಾಕಿಕೊಂಡು ಅಂಗಿಯ ಗುಂಡಿ ಹಾಕಿದರು. ಹೆಂಡತಿ ನೋಡಿದರೆ ಪೂಜೆ ನಡೆದಂತೆ ಕಾಣಬೇಕು. "ಕರಡಿಗೆ ಎಲ್ಲಿ ಎಂದು ಕೇಳಿದರೆ?" ಎಂದೆ. "ಗಂಧಕದ ಹವಾ ಅದ, ಪೆಟಿಗ್ಯಾಗ ಇಟ್ಟೀನಿ ಅಂತೀನಿ." ಮೂವತ್ತಾರು ವರ್ಷದ ಸಂಸಾರದಲ್ಲಿ ಅವರು ಹೇಳಿದ ಸುಳ್ಳುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು.

ಆ ಹೊತ್ತಿನಲ್ಲಿ ನನಗೆ ಒಂದು ಜಾಣತನ ಹೊಳೆಯಿತು. "ನೀವು ನನ್ನ ಎಡಗಡೆ ಕೂತುಕೊಳ್ಳಿ, ತಟ್ಟೆಯದ್ದು ನಾನು ನೋಡಿಕೊಳ್ತೇನೆ" ಎಂದೆ.

ಮೂವತ್ತು ವರ್ಷ ಪಂಕ್ತಿಯಲ್ಲಿ ಬಡಿಸಿ, ಎತ್ತಿ, ಒರೆಸಿದ ಕೈ ನನ್ನದು. ರಾತ್ರಿ ಊಟಕ್ಕೆ ಉದ್ದನೆಯ ಮೇಜು, ನನ್ನ ಎದುರಿಗೆ ಚನ್ನಬಸವ್ವನವರು. ಅವರು ನೀರಿನ ಲೋಟ ಎತ್ತಿದಾಗ ಸಿದ್ರಾಮಪ್ಪನವರ ಚಪಾತಿ ನನ್ನ ತಟ್ಟೆಗೆ ಬಂತು. ಪಕ್ಕದಲ್ಲಿ ಕುಳಿತ ನಮ್ಮ ತಂಡದ ನೀತಾತಾಯಿಯ ಮಾತಿಗೆ ತಿರುಗಿದಾಗ ಅನ್ನ ಬಂತು. ಕೊನೆಗೆ ತಟ್ಟೆಯನ್ನೇ ಅದಲುಬದಲು ಮಾಡಿದೆ. ಸಿದ್ರಾಮಪ್ಪನವರು ಬರಿಯ ಬಾಯಿ ಆಡಿಸುತ್ತಿದ್ದರು. ಪ್ರವಾಸದ ಅಡಿಗೆಯವನ ಸಾರಿಗೆ ಉಪ್ಪಿಲ್ಲ, ಖಾರವಿಲ್ಲ, ಅಂಥದ್ದನ್ನು ಎರಡಾಳು ಉಣ್ಣುವ ಶಿಕ್ಷೆ ನನಗೆ. ಚನ್ನಬಸವ್ವನವರು ಎದುರಿನಿಂದ, "ಇನ್ನಷ್ಟು ಹಾಕ್ಕೋರಿ. ಹೊಟ್ಟಿ ತುಂಬ ಉಣ್ರಿ" ಎಂದು ಗಂಡನ ಕಡೆ ಇನ್ನೊಂದು ಚಪಾತಿ ಸರಿಸಿದರು. ಎಷ್ಟು ಪ್ರೀತಿ ಎಂದುಕೊಂಡೆ ನಾನು. ಅವರು ತಮ್ಮ ಊಟ ಪೂರ್ತಿ ಮುಗಿಸಿದ್ದನ್ನು ಕಂಡು ಸಿದ್ರಾಮಪ್ಪನವರು ಮೇಜಿನಡಿ ನನ್ನ ಮೊಣಕಾಲು ಒತ್ತಿದರು. ಇಬ್ಬರೂ ಗೆದ್ದೆವು ಎಂದುಕೊಂಡೆವು.

ಮಂಗಳವಾರ ಬೆಳಿಗ್ಗೆ ತಂಡವನ್ನೆಲ್ಲ ಹೆಪ್ಪುಗಟ್ಟಿದ ಲಾವಾದ ಬಯಲಿಗೆ ಕರೆದುಕೊಂಡು ಹೋದರು. ಕಣ್ಣು ಹಾಯುವಷ್ಟೂ ಕರಿ ಹೆಂಟೆ, ನಡುನಡುವೆ ಹುಲ್ಲು. ನೆತ್ತಿಯ ಮೇಲೆ ಬೆಟ್ಟ. ಕೆಲವು ಗಟ್ಟಿಗರು ನಸುಕಿನಲ್ಲೇ ಎದ್ದು ಮೇಲೆ ಹತ್ತಿ ಬಂದಿದ್ದರು. ಬಿರುಕಿನಿಂದ ಬರುವ ಹಬೆಯಲ್ಲಿ ಬಾಳೆಹಣ್ಣು ಬೇಯಿಸಿ ತಿಂದೆವು ಎಂದು ಹೇಳಿದರು. ಇದನ್ನೆಲ್ಲ ಕೇಳಲು ಸಿದ್ರಾಮಪ್ಪನವರು ಇಡೀ ಜನ್ಮ ಕಾದಿದ್ದರು. ಈಗ ತಲೆ ಎತ್ತದೆ ನಡೆಯುತ್ತಿದ್ದರು. ಅಲ್ಲಿ ಲಿಂಗ ಬಿದ್ದಿರಲು ಸಾಧ್ಯವೇ ಇಲ್ಲ, ಆದರೂ ನೆಲ ನೋಡುತ್ತ ನಡೆಯುತ್ತಿದ್ದರು. ನೆಲದಲ್ಲಿ ಎಲ್ಲಿ ನೋಡಿದರೂ ಕರಿಯ ಉರುಟು ಕಲ್ಲು. ಪಾಪ, ಪ್ರತಿ ಹೆಜ್ಜೆಗೂ ಅವರ ಕಾಲು ನಿಲ್ಲುತ್ತಿತ್ತು. ನನ್ನ ಹೊಟ್ಟೆ ಉರಿಯಿತು. ಬೆಳಗಿನ ಎರಡಾಳು ತಿಂಡಿಯೂ ಒಳಗೆ ಕುಳಿತಿತ್ತು, ಅದು ಬೇರೆ ಉರಿ.

ಬೆನ್ನುನೋವಿನ ನೆಪ ಹೇಳಿ ನಾನು ಅವರನ್ನು ಒಂದು ಬಾಡಿಗೆ ಗಾಡಿಯಲ್ಲಿ ಬಿಸಿನೀರಿನ ಕೊಳಕ್ಕೆ ಕರೆದುಕೊಂಡು ಹೋದೆ. ಬೆಂಚು ಅಲ್ಲೇ ಇತ್ತು, ಖಾಲಿ. ಬಾಗಿಲಲ್ಲಿ ಕೂತಿದ್ದ ಹೆಂಗಸು ಮರೆತುಹೋದ ಸಾಮಾನಿನ ಡಬ್ಬಿ ತಂದು ನಮ್ಮ ಮುಂದೆ ಸುರಿದಳು. ಕಪ್ಪು ಕನ್ನಡಕಗಳು, ಒಂಟಿ ಚಪ್ಪಲಿ, ಒಂದು ಕಟ್ಟುಹಲ್ಲಿನ ಸೆಟ್ಟು. ನನ್ನ ಹರಕು ಇಂಗ್ಲಿಷಿನಲ್ಲಿ ಬೆಳ್ಳಿ, ಡಬ್ಬಿ, ಮೊಟ್ಟೆ ಎಂದೆಲ್ಲ ಹೇಳಿ ಸೋತೆ. ಆಗ ಸಿದ್ರಾಮಪ್ಪನವರು ಎದೆ ಮುಟ್ಟಿಕೊಂಡು, "ಲಿಂಗ" ಎಂದರು. ಆಕೆಗೆ ಕೂಡಲೇ ತಿಳಿಯಿತು, ಅವರ ಊರಿನಲ್ಲೂ ಆ ಮಾತಿಗೆ ಅದೇ ಅರ್ಥ. ಎದ್ದು ಬಂದು ನಮ್ಮ ಜತೆ ಬೆಂಚಿನಡಿ, ಕಲ್ಲಿನ ಸಂದು, ಮೋರಿ ಎಲ್ಲ ಹುಡುಕಿದಳು. ಸಿಗದಿದ್ದಾಗ ತಾಳೆಗರಿಯ ಪುಟ್ಟ ಬುಟ್ಟಿಯಲ್ಲಿ ಹೂ ಇಟ್ಟು ಕೊಳದ ಅಂಚಿಗೆ ಇರಿಸಿ ಕೈಮುಗಿದಳು. ಸಿದ್ರಾಮಪ್ಪನವರೂ ಕೈಮುಗಿದರು. ತಿರುಗಿ ಬರುವಾಗ ಗಾಡಿಯಲ್ಲಿ ಅವರು ನನ್ನ ಭುಜಕ್ಕೆ ತಲೆ ಒರಗಿಸಿದರು. ಸುಸ್ತು.

"ಶೆಟ್ರ, ನಿನ್ನೆ ಈ ಕಲ್ಲಿಗೆ ನಾಟಕಾ ಮಾಡಾಕ ಕುಂತೆ. ಇವತ್ತು ಮುಂಜಾನೆ ನಾಟಕಾ ಆಗಲಿಲ್ಲ ನೋಡ್ರಿ. ಖರೇನ ಬೇಡಿಕೊಂಡೆ. ಯಾವ ಕಲ್ಲು ಅಂತ ಗೊತ್ತಿಲ್ಲದ, ಯಾರೋ ತುಳಿದ ಕಲ್ಲಿಗೆ. ಇದೊಂದು ಪಾಪಾ ಬ್ಯಾರೆ."

"ಅಕ್ಕನಿಗೆ ಹೇಳಿಬಿಡುವ ಮಾರಾಯ್ರೆ" ಎಂದೆ. "ಪುಣೆಕ ಹೋಗೂಮಟ ಬ್ಯಾಡ" ಎಂದರು.

ಮಧ್ಯಾಹ್ನದ ಊಟ ನಾನೇ ಉಂಡೆ. ಮೂರು ಗಂಟೆಗೆ ದೋಣಿ ವಿಹಾರ. ಸರೋವರದ ನಡುವೆ ಗಾಳಿ ಬೀಸಿ ದೋಣಿ ತುಸು ಹೊಯ್ದಾಡಿದಾಗ ಸಿದ್ರಾಮಪ್ಪನವರ ಕಣ್ಣು ಮೇಲಕ್ಕೆ ಹೋಯಿತು. ನಾನು ರಟ್ಟೆ ಹಿಡಿದೆ. ಚನ್ನಬಸವ್ವನವರು ಚೀಲದಿಂದ ಬಾಳೆಹಣ್ಣು ತೆಗೆದು ಸುಲಿದು ಗಂಡನ ಮುಂದೆ ಹಿಡಿದರು. "ಈಗ ಬ್ಯಾಡ, ಊಟಾ ಭಾಳ ಆಗ್ಯದ" ಎಂದರು ಇವರು. ಆಕೆ ಹಣ್ಣು ಹಿಡಿದ ಕೈಯನ್ನು ಹಿಂದಕ್ಕೆ ತೆಗೆಯದೆ ಬಹಳ ಹೊತ್ತು ಗಂಡನ ಮುಖವನ್ನೇ ನೋಡಿದರು. ಕಣ್ಣು ಕೆಂಪಗಿತ್ತು. ಅವರು ರಾತ್ರಿ ಮಲಗಿಲ್ಲ ಎಂದು ನನಗೆ ಅನಿಸಿತು, ಸಕ್ಕರೆಯ ತೊಂದರೆ ಇರಬೇಕೆಂದುಕೊಂಡು ಇನ್ನಷ್ಟು ಹೆದರಿದೆ. ಆ ರಾತ್ರಿ ಊಟದಲ್ಲಿ ನನ್ನ ಕೈ ಇನ್ನೂ ಚುರುಕಾಯಿತು. ಸಿದ್ರಾಮಪ್ಪನವರ ತಟ್ಟೆ ತೊಳೆದಿಟ್ಟಂತೆ ಖಾಲಿ ಮಾಡಿದೆ.

ಬುಧವಾರ ಬೆಳಿಗ್ಗೆ ಹೊರಡುವ ದಿನ. ತಿಂಡಿಯ ಮೇಜಿನ ಬಳಿ ಚನ್ನಬಸವ್ವನವರು ಗುಳಿಗೆ ನುಂಗಿ ನೀರು ಕುಡಿಯುತ್ತಿದ್ದರು. ಸಿದ್ರಾಮಪ್ಪನವರು ತಟ್ಟೆ ನನ್ನ ಪಕ್ಕದಲ್ಲಿಟ್ಟು, ಗೋಡೆ ಹಿಡಿದುಕೊಂಡು, ಕೈ ತೊಳೆಯಲು ಹೋದರು. ನಾನು ರೂಢಿಯಂತೆ ಅವರ ತಟ್ಟೆಯ ಬ್ರೆಡ್ಡಿಗೆ ಕೈ ಹಾಕುವುದರಲ್ಲಿದ್ದೆ.

"ತನಿಯಪ್ಪಣ್ಣ, ಒಂದ ಮಾತು ಕೇಳ್ತೀನಿ. ಖರೇ ಹೇಳ್ರಿ" ಎಂದರು ಚನ್ನಬಸವ್ವನವರು. "ಇವರಿಗೆ ದೇವರ ಮ್ಯಾಲಿನ ನಂಬಿಗಿ ಹೋಗಿ ಎಷ್ಟ ದಿನಾ ಆತು?"

"ಎಂತದು ಅಕ್ಕ?"

ಅವರು ಕೈಚೀಲದ ಬಾಯಿ ತೆರೆದು ತೋರಿಸಿದರು. ಬಿಳಿ ವಸ್ತ್ರ, ಅದರ ಸಂದಿಯಲ್ಲಿ ಬೆಳ್ಳಿ.

"ಸೋಮವಾರ ಬೆಂಚಿನ ಮ್ಯಾಲ ಮರತು ಓಡಿದ್ರು. ನಾ ಎತ್ತಿಟ್ಟಕೊಂಡೆ. ಖೋಲಿಗೆ ಬಂದು ಹುಡುಕತಾರ, ನನ್ನ ಕೇಳ್ತಾರ, ಆವಾಗ ನಾಕು ಮಾತು ಬೈದು ಕೊಡೂಣು ಅಂತಿದ್ದೆ. ಕೇಳಲಿಲ್ಲ. ಕರಡಿಗಿ ಪೆಟಿಗ್ಯಾಗ ಇಟ್ಟೀನಿ ಅಂತ ಸುಳ್ಳ ಹೇಳಿದ್ರು. ನನ್ನ ಮುಂದನ ಕುಂತು ಯಾವದೋ ಕಲ್ಲು ಕೈಯಾಗ ಹಿಡದು ಪೂಜಾ ಮಾಡಿದ್ರು. ಅದೂ ಹೋಗಲಿ. ಲಿಂಗ ಹೋದ ಮನುಷ್ಯಾ ತಟ್ಟಿ ಬಳದು ಹೆಂಗ ಉಂಡಾರ? ನಾ ಮತ್ತ ಮತ್ತ ಹಾಕಿ ನೋಡಿದೆ. ಹಾಕಿದ್ದೆಲ್ಲಾ ಉಂಡ್ರು. ಎರಡ ದಿನದಿಂದ ನನ್ನ ಕಣ್ಣಿಗೆ ನಿದ್ದಿ ಹತ್ತಿಲ್ಲ. ಮೂವತ್ತಾರು ವರ್ಷ ಯಾರ ಜೋಡಿ ಬಾಳೇವು ಮಾಡಿದೆ ಅಂತ ಅಂಜಿಕಿ ಬರಾಕತ್ತೇದ."

ನಾನು ಬ್ರೆಡ್ಡಿನಿಂದ ಕೈ ಹಿಂದಕ್ಕೆ ತೆಗೆದೆ.

"ಅಕ್ಕ, ಅವರು ಉಣ್ಣಲಿಲ್ಲ" ಎಂದೆ.

"ನಾ ಕಣ್ಣಾರೆ ನೋಡೀನಿ."

"ನೀವು ನೋಡಿದ್ದು ಖಾಲಿ ತಟ್ಟೆ. ಉಂಡದ್ದು ನಾನು. ನಿಮಗೆ ಗೊತ್ತಾದರೆ ನೀವೂ ಊಟ ಬಿಡ್ತೀರಿ, ನಿಮ್ಮ ಜೀವಕ್ಕೆ ಕಷ್ಟ ಅಂತ ಅವರು ಹೆದರಿದರು. ಸೋಮವಾರ ಸಂಜೆಯಿಂದ ಅವರ ಹೊಟ್ಟೆಯಲ್ಲಿ ನೀರು ಬಿಟ್ಟರೆ ಏನೂ ಇಲ್ಲ."

ಅವರು ನನ್ನನ್ನು ನೋಡಿದರು. ಆಮೇಲೆ ತಮ್ಮ ಬೆರಳು ನೋಡಿಕೊಂಡರು. ಸೋಮವಾರ ರಾತ್ರಿ ಒಂದು, ಮಂಗಳವಾರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಹೆಬ್ಬೆರಳು ನಾಲ್ಕನೆಯ ಗೆಣ್ಣಿನ ಮೇಲೆ ನಿಂತಿತು. ಅಷ್ಟೂ ಹೊತ್ತು ಲಿಂಗ ಅವರ ಮಡಿಲಲ್ಲೇ ಇತ್ತು.

"ಮಂದಿಗೆ ಉಣಸೂದ ನಿಮ್ಮ ಕಸಬು ತನಿಯಪ್ಪಣ್ಣ" ಎಂದರು. "ನಮ್ಮ ಮನಿಯವರನ್ನ ಎರಡ ದಿನಾ ಉಪವಾಸ ಕೆಡವಿದ್ರಿ."

ಬೈಗುಳ ನನಗೆ ಹೊಸದಲ್ಲ. ಸಾರು ಆರಿದೆ ಎಂದು, ಚಿಲ್ಲರೆ ಇಲ್ಲ ಎಂದು ದಿನಾ ಬೈಸಿಕೊಂಡವನು. ಆದರೆ ಆ ಮಾತಿಗೆ ನನಗೆ ತಲೆ ಎತ್ತಲಾಗಲಿಲ್ಲ. ಉಪಕಾರ ಮಾಡುತ್ತಿದ್ದೇನೆಂದು ಬೀಗಿದ್ದೆನಲ್ಲ, ಒಂದು ಸಲ ನನ್ನ ಕೈ ತಪ್ಪಿ ತಟ್ಟೆ ತುಂಬಿದಂತೆಯೇ ಉಳಿದಿದ್ದರೆ ಸೋಮವಾರ ರಾತ್ರಿಯೇ ಅಕ್ಕ ಲಿಂಗ ತೆಗೆದು ಕೊಟ್ಟುಬಿಡುತ್ತಿದ್ದರು.

ಸಿದ್ರಾಮಪ್ಪನವರು ಕೈ ಒರೆಸಿಕೊಳ್ಳುತ್ತ ಬಂದರು. ಚನ್ನಬಸವ್ವನವರು ಎದ್ದು ನಿಂತು, ಎರಡೂ ಕೈಯಲ್ಲಿ ಆ ಬಿಳಿ ಗಂಟನ್ನು ಅವರ ಮುಂದೆ ಹಿಡಿದರು. ಅವರು ನೋಡಿದರು. ಎಲ್ಲಿತ್ತು ಎಂದು ಕೇಳಲಿಲ್ಲ, ಯಾವಾಗ ಸಿಕ್ಕಿತು ಎಂದು ಕೇಳಲಿಲ್ಲ. ಕೈ ಚಾಚಿದವರು ಅರ್ಧಕ್ಕೆ ನಿಲ್ಲಿಸಿ ಹೆಂಡತಿಯ ತಟ್ಟೆಯ ಕಡೆ ನೋಡಿದರು. ತಟ್ಟೆಯಲ್ಲಿ ಹಾಕಿದ್ದು ಹಾಕಿದಂತೆ ಇತ್ತು.

"ನೀ ಗುಳಿಗಿ ತಗೊಂಡಿ?" ಎಂದರು. "ತಗೊಂಡಿದ್ರ ಮೊದಲ ಉಣ್ಣು."

ಆಗ ಚನ್ನಬಸವ್ವನವರು ಅತ್ತುಬಿಟ್ಟರು. ಆಚೆ ಮೇಜಿನ ನೀತಾತಾಯಿ ಕಾಯ್ ಝಾಲಂ, ಏನಾಯಿತು ಎಂದು ಓಡಿ ಬಂದರು. ನಾನು ಕೈಸನ್ನೆ ಮಾಡಿ ಅವರನ್ನು ಹಿಂದಕ್ಕೆ ಕಳಿಸಿದೆ.

"ನಿಮ್ಮ ಪೂಜಾ ಆಗಲಿ, ಕೂಡೇ ಉಣ್ಣೂಣು" ಎಂದರು ಆಕೆ, ಸೆರಗಿನಿಂದ ಮುಖ ಒರೆಸಿಕೊಂಡು.

"ಗುಳಿಗಿ ನುಂಗಿ ಕೂಡಬ್ಯಾಡ ಚನ್ನವ್ವ."

"ಲಗೂನ ಬರ್ರಿ ಹಂಗಾರ."

ಸಿದ್ರಾಮಪ್ಪನವರು ಲಿಂಗವನ್ನು ಎದೆಗೆ ಒತ್ತಿಕೊಂಡು, ಗೋಡೆ ಹಿಡಿಯದೆ, ಕೋಣೆಯ ಕಡೆ ಬಿರಬಿರನೆ ನಡೆದರು. ನಾವಿಬ್ಬರೂ ಎದುರುಬದುರು ಕುಳಿತೆವು. ನನ್ನ ಕಣ್ಣು ಗೋಡೆಯ ಗಡಿಯಾರದ ಮೇಲೆ. ಆಕೆಯ ಹಣೆಯಲ್ಲಿ ಬೆವರು ಮೂಡಿತು, ಬೆರಳು ಸಣ್ಣಗೆ ನಡುಗಿತು. ಪೆಪ್ಪರಮಿಂಟು ಕೊಡೋಣವೆಂದರೆ ಅದು ಗಂಡನ ಕಿಸೆಯಲ್ಲಿ. ಸಕ್ಕರೆಯ ಡಬ್ಬಿಯನ್ನು ಮೆಲ್ಲಗೆ ಅವರ ಮುಂದೆ ಸರಿಸಿದೆ. ಅವರು ಮುಟ್ಟಲಿಲ್ಲ. ಬಾಗಿಲನ್ನೇ ನೋಡುತ್ತಿದ್ದರು. ಹೊರಗೆ ಸ್ವಪ್ನಿಲ್ ಬಸ್ಸಿಗೆ ಚೀಲ ಏರಿಸಲು ಕೂಗುತ್ತಿದ್ದ.

ಪ್ರವಾಸದಲ್ಲಿದ್ದಾಗ ಅರ್ಧ ಗಂಟೆ ಪೂಜೆ ಮಾಡುತ್ತಿದ್ದವರು ಆವತ್ತು ಆರು ನಿಮಿಷಕ್ಕೆ ಬಂದರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಕುಳಿತ ಕೂಡಲೇ ಬಾಳೆಹಣ್ಣು ಸುಲಿದು ಹೆಂಡತಿಯ ಕೈಗಿಟ್ಟರು. ಆಕೆ ಅದರಲ್ಲಿ ಅರ್ಧ ಮುರಿದು ಅವರ ಬಾಯಿಗೆ ಹಿಡಿದರು. ಎಲ್ಲರ ಎದುರಿಗೆ. ಇಬ್ಬರೂ ಉಂಡರು, ತಟ್ಟೆಯಲ್ಲಿದ್ದದ್ದನ್ನೆಲ್ಲ ಉಂಡರು, ಆಕೆ ಎದ್ದು ಹೋಗಿ ಇನ್ನೊಂದು ಸಲ ಹಾಕಿಸಿಕೊಂಡು ಬಂದರು. ನನ್ನ ಮುಂದೆಯೂ ತಟ್ಟೆ ಇತ್ತು. ಎರಡು ದಿನ ಎಲ್ಲರಿಗೂ ಉಣ್ರಿ ಉಣ್ರಿ ಎಂದ ಚನ್ನಬಸವ್ವನವರು ಆ ಬೆಳಿಗ್ಗೆ ನನಗೆ ಉಣ್ರಿ ಎನ್ನಲಿಲ್ಲ. ನಾನೂ ಉಣ್ಣಲಿಲ್ಲ.